ವೇಗದ ಇಂಟರ್‌ನೆಟ್‌ಗೆ ಕ್ಯೂಒಎಸ್ ರೂಟರ್ ಆರಿಸುವುದು ಹೇಗೆ?

ಸಂಪರ್ಕ 500 ಎಂಬಿಪಿಎಸ್‌ನದು. ವೇಗ ಪರೀಕ್ಷೆ ಮಾಡಿದರೆ ಅಷ್ಟೂ ಬರುತ್ತದೆ. ಆದರೂ ಒಬ್ಬರ ಮೊಬೈಲ್ ಫೋಟೊಗಳನ್ನು ಕ್ಲೌಡ್‌ಗೆ ಏರಿಸತೊಡಗಿದ ಕೂಡಲೇ ಇನ್ನೊಬ್ಬರ ವಿಡಿಯೊ ಕರೆಯಲ್ಲಿ ಮಾತು ತುಂಡಾಗುತ್ತದೆ; ಆನ್‌ಲೈನ್ ಆಟದಲ್ಲಿ ಎದುರಾಳಿ ಇದ್ದಕ್ಕಿದ್ದಂತೆ ನಾಲ್ಕು ಹೆಜ್ಜೆ ಆಚೆ ಪ್ರತ್ಯಕ್ಷನಾಗುತ್ತಾನೆ. ಆಗ ಹೆಚ್ಚಿನವರಿಗೆ ತೋಚುವುದು ಎರಡೇ ದಾರಿ. ಇನ್ನೂ ವೇಗದ ಪ್ಲಾನ್‌ಗೆ ಏರುವುದು, ಇಲ್ಲವೇ ಪೆಟ್ಟಿಗೆಯ ಮೇಲೆ ದೊಡ್ಡ ಸಂಖ್ಯೆಯೂ ‘ಗೇಮಿಂಗ್’ ಎಂಬ ಪದವೂ ಇರುವ ರೂಟರ್ ಕೊಳ್ಳುವುದು. ಎರಡನ್ನೂ ಮಾಡಿ, ತೊಂದರೆ ಹಾಗೆಯೇ ಉಳಿದವರು ಬೇಕಾದಷ್ಟು ಮಂದಿ ಇದ್ದಾರೆ.

ಮನೆಯಿಂದ ಹೋಗುವ, ಮನೆಗೆ ಬರುವ ಮಾಹಿತಿಯಲ್ಲಿ ಯಾವುದು ಮೊದಲು ಸಾಗಬೇಕೆಂದು ಆದ್ಯತೆ ಕೊಡುವ ಸೌಲಭ್ಯಕ್ಕೆ ಕ್ಯೂಒಎಸ್ (ಕ್ವಾಲಿಟಿ ಆಫ್ ಸರ್ವಿಸ್) ಎಂದು ಹೆಸರು. ಇಂದು ಮಾರುಕಟ್ಟೆಯಲ್ಲಿರುವ ಬಹುಪಾಲು ರೂಟರ್‌ಗಳಲ್ಲಿ ಆ ಹೆಸರಿನ ಗುಂಡಿಯೊಂದು ಇದ್ದೇ ಇರುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆಯೇ: ಆ ಗುಂಡಿ ಒತ್ತಿದ ಮೇಲೆ ಈ ರೂಟರ್ ಎಷ್ಟು ಎಂಬಿಪಿಎಸ್ ದಾಟಿಸಬಲ್ಲದು? ಈ ಸಂಖ್ಯೆಯನ್ನು ತಯಾರಕರು ಪೆಟ್ಟಿಗೆಯ ಮೇಲೆ ಮುದ್ರಿಸುವುದು ತೀರಾ ಅಪರೂಪ. ವೇಗದ ಸಂಪರ್ಕದಲ್ಲಿ ಆಯ್ಕೆಯೆಲ್ಲ ನಿಂತಿರುವುದು ಅದರ ಮೇಲೆ.

ಹೆಜ್ಜೆ 1: ಕೊಳ್ಳುವ ಮೊದಲು ಅಳೆಯಿರಿ

ಲ್ಯಾಪ್‌ಟಾಪನ್ನು ಈಗಿರುವ ರೂಟರಿಗೆ ಈಥರ್‌ನೆಟ್ ಕೇಬಲ್‌ನಿಂದ ಜೋಡಿಸಿ. ವೈಫೈ ಮೇಲೆಯೇ ಅಳೆದರೆ ದೋಷ ಯಾವ ಕಡೆಯದೆಂದು ತಿಳಿಯುವುದಿಲ್ಲ. ಎರಡು ಕಮಾಂಡ್ ಕಿಟಕಿಗಳನ್ನು ತೆರೆದು, ಒಂದರಲ್ಲಿ ನಿಮ್ಮ ರೂಟರಿನ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1 ಅಥವಾ 192.168.0.1), ಇನ್ನೊಂದರಲ್ಲಿ 1.1.1.1 ಎಂಬ ಹೊರಗಿನ ವಿಳಾಸಕ್ಕೆ ಪಿಂಗ್ (ಪುಟ್ಟ ಸಂದೇಶ ಹೋಗಿ ಮರಳಲು ಹಿಡಿಯುವ ಹೊತ್ತನ್ನು ಅಳೆಯುವ ಆದೇಶ) ಓಡಲು ಬಿಡಿ. ಏನೂ ಕೆಲಸ ನಡೆಯದಿರುವಾಗ ಮೊದಲನೆಯದು 1 ಮಿಲಿಸೆಕೆಂಡಿನ ಒಳಗೆ, ಎರಡನೆಯದು ಊರು ಮತ್ತು ಸೇವಾದಾರರನ್ನು ಅವಲಂಬಿಸಿ 5ರಿಂದ 30 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಇರಬಹುದು. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಈಗ ಒಂದು ದೊಡ್ಡ ಫೈಲನ್ನು ಅಪ್‌ಲೋಡ್ ಮಾಡಲು ಹಚ್ಚಿ ಅದೇ ಕಿಟಕಿಗಳನ್ನು ನೋಡುತ್ತಿರಿ. ಹೊರಗಿನ ಪಿಂಗ್ 12ರಲ್ಲಿ ಇದ್ದದ್ದು 15, 18 ಎಂದು ಅಲ್ಲೇ ಸುಳಿದಾಡಿದರೆ ಒಳ್ಳೆಯದು. 12, 40, 110, 190, 260 ಎಂದು ಮೆಟ್ಟಿಲು ಹತ್ತಿ, ಅಪ್‌ಲೋಡ್ ನಿಲ್ಲಿಸಿದ ಮರುಕ್ಷಣ ಮತ್ತೆ 12ಕ್ಕೆ ಇಳಿದರೆ ರೋಗ ಪತ್ತೆಯಾದಂತೆಯೇ. ಬಳಿಕ ಡೌನ್‌ಲೋಡ್‌ಗೂ ಹೀಗೇ ಮಾಡಿ. ಒಂದೇ ಡೌನ್‌ಲೋಡ್ ಸಂಪರ್ಕವನ್ನು ತುಂಬದಿದ್ದರೆ ಎರಡು ಮೂರನ್ನು ಒಟ್ಟಿಗೆ ಓಡಿಸಿ.

ಕೈಯಾರೆ ಮಾಡುವ ತಾಳ್ಮೆ ಇಲ್ಲದವರಿಗೆ ವೇವ್‌ಫಾರ್ಮ್ ಸಂಸ್ಥೆಯ ಬಫರ್‌ಬ್ಲೋಟ್ (ಹೊರೆ ಬಿದ್ದಾಗ ವಿಳಂಬ ಏರುವ ತೊಂದರೆ) ಪರೀಕ್ಷೆ ಬ್ರೌಸರಿನಲ್ಲೇ ಸಿಗುತ್ತದೆ. 2021ರ ಮಾಂಟೆರೆ ಆವೃತ್ತಿಯಿಂದೀಚೆಗೆ ಮ್ಯಾಕ್‌ಗಳಲ್ಲಿ ‘ನೆಟ್‌ವರ್ಕ್‌ಕ್ವಾಲಿಟಿ’ ಎಂಬ ಆದೇಶವೂ ಇದೆ. ಹಾಗಿದ್ದರೂ ಪಿಂಗ್ ಕಿಟಕಿಗಳನ್ನು ಒಮ್ಮೆಯಾದರೂ ಕಣ್ಣಾರೆ ನೋಡಿ ಎನ್ನುತ್ತೇನೆ. ಪರೀಕ್ಷೆ ಕೊಡುವ ‘ಎ’, ‘ಬಿ’ ಶ್ರೇಣಿಗಳಿಗಿಂತ ಅದು ಹೆಚ್ಚು ಹೇಳುತ್ತದೆ.

ನನ್ನ ಲೆಕ್ಕ ಹೀಗಿದೆ. ಹೊರೆ ಬಿದ್ದಾಗ ವಿಳಂಬ 30 ಮಿಲಿಸೆಕೆಂಡಿಗಿಂತ ಕಡಿಮೆ ಏರಿದರೆ ಹೊಸ ರೂಟರ್ ಬೇಡ. 30ರಿಂದ 100ರವರೆಗೆ ಏರುವುದು ಗಂಭೀರವಾಗಿ ಆಟ ಆಡುವವರಿಗೆ ಮಾತ್ರ ಚಿಂತೆಯ ವಿಷಯ. 100 ದಾಟಿದರೆ ಕರೆಗಳಲ್ಲೂ ಕಾಣಿಸಿಕೊಳ್ಳುತ್ತದೆ. ಧ್ವನಿ ಸಂಭಾಷಣೆ ಸರಾಗವಾಗಿರಬೇಕಾದರೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಮೀರಬಾರದೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು. ಆ ಮಿತಿಯಲ್ಲಿ ಬಹುಭಾಗವನ್ನು ನಿಮ್ಮ ಮನೆಯ ಪೆಟ್ಟಿಗೆಯೇ ನುಂಗಿದರೆ ದೂರದವರೊಡನೆ ಮಾತಾಡಲು ಉಳಿಯುವುದು ಅಲ್ಪ.

ಇನ್ನು ಕೇಬಲ್ ಕಿತ್ತು, ವೈಫೈ ಮೇಲೆ ಅದೇ ಪರೀಕ್ಷೆ ಮಾಡಿ. ಈ ಸಲ ರೂಟರಿನ ವಿಳಾಸಕ್ಕೆ ಹೋಗುವ ಪಿಂಗ್ ಕೂಡ ಜಿಗಿದಾಡಿದರೆ ಅಡಚಣೆ ಮನೆಯೊಳಗಿನ ಗಾಳಿಯಲ್ಲಿದೆ. ಕ್ಯೂಒಎಸ್ ಎಷ್ಟೇ ಒಳ್ಳೆಯದಾಗಿದ್ದರೂ ಅದನ್ನು ಗುಣಪಡಿಸದು. ಹೀಗಾದವರು ಈ ಲೇಖನದ ಆರನೆಯ ಹೆಜ್ಜೆಗೆ ನೇರವಾಗಿ ಹೋಗಬಹುದು.

ಹೆಜ್ಜೆ 2: ಸಾಲು ಎಲ್ಲಿ ನಿಲ್ಲುತ್ತಿದೆ ಎಂದು ತಿಳಿಯಿರಿ

ಇಷ್ಟು ಸಿದ್ಧಾಂತ ಅನಿವಾರ್ಯ. ಇದು ತಿಳಿಯದಿದ್ದರೆ ಅಂಗಡಿಯವನು ಹೇಳಿದ್ದೆಲ್ಲ ನಿಜವೆನಿಸುತ್ತದೆ.

ದೊಡ್ಡ ಫೈಲ್ ಕಳುಹಿಸುವ ಟಿಸಿಪಿ ಎಂಬ ವ್ಯವಸ್ಥೆ, ಪ್ಯಾಕೆಟ್ (ಮಾಹಿತಿಯ ಪುಟ್ಟ ತುಣುಕು) ಕಳೆದುಹೋಗುವವರೆಗೂ ವೇಗ ಏರಿಸುತ್ತಲೇ ಹೋಗುವ ಸ್ವಭಾವದ್ದು. ದಾರಿಯಲ್ಲಿ ಅತ್ಯಂತ ಕಿರಿದಾದ ಜಾಗದ ಹಿಂದೆ ಪ್ಯಾಕೆಟ್‌ಗಳು ಸಾಲುಗಟ್ಟುತ್ತವೆ. ಆ ಸಾಲು ನಿಲ್ಲುವ ಸ್ಮರಣೆಯ ತಾಣವೇ ಬಫರ್. ಸ್ಮರಣೆ ಅಗ್ಗವಾದ ಕಾಲದಲ್ಲಿ ತಯಾರಕರು ಬಫರನ್ನು ಧಾರಾಳವಾಗಿ ದೊಡ್ಡದು ಮಾಡಿದರು. ನಷ್ಟವೇನೋ ತಪ್ಪಿತು, ಸಾಲು ಬೆಳೆಯಿತು. ನಿಮ್ಮ ಅಪ್‌ಲೋಡ್ ವೇಗ 30 ಎಂಬಿಪಿಎಸ್, ಮೋಡೆಮ್‌ನ ಬಫರ್ 1 ಮೆಗಾಬೈಟ್ ಎಂದುಕೊಳ್ಳಿ. ಒಂದು ಮೆಗಾಬೈಟ್ ಎಂದರೆ 8 ಮೆಗಾಬಿಟ್. ಅದು ಖಾಲಿಯಾಗಲು 8 ಭಾಗಿಸು 30, ಅಂದರೆ ಸುಮಾರು 267 ಮಿಲಿಸೆಕೆಂಡ್ ಬೇಕು. ಕರೆಯ ಪುಟ್ಟ ಪ್ಯಾಕೆಟ್ ಈ ಸಾಲಿನ ಬಾಲದಲ್ಲಿ ನಿಂತು ಅಷ್ಟು ಹೊತ್ತು ಕಾಯಬೇಕು. ಇದೇ 1 ಮೆಗಾಬೈಟ್ 1 ಜಿಬಿಪಿಎಸ್ ಸಂಪರ್ಕದಲ್ಲಿ 8 ಮಿಲಿಸೆಕೆಂಡಿನಲ್ಲಿ ಕರಗಿಹೋಗುತ್ತದೆ. ವೇಗ ಹೆಚ್ಚಿದಂತೆ ತೊಂದರೆ ತಾನಾಗಿ ಕುಗ್ಗುತ್ತದೆ ಎಂಬ ಮಾತಿಗೆ ಆಧಾರವಿದೆ, ಆದರೆ ಎರಡೂ ದಿಕ್ಕಿನಲ್ಲಿ ವೇಗ ಹೆಚ್ಚಿರಬೇಕು.

ಈ ಪೀಡೆಗೆ ಬಫರ್‌ಬ್ಲೋಟ್ ಎಂಬ ಹೆಸರನ್ನು ಚಾಲ್ತಿಗೆ ತಂದವರು ಜಿಮ್ ಗೆಟ್ಟಿಸ್. ಪರಿಹಾರದತ್ತ ದೊಡ್ಡ ಹೆಜ್ಜೆ ಬಂದದ್ದು 2012ರಲ್ಲಿ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ರೂಪಿಸಿದ ‘ಕೋಡೆಲ್’, ಸಾಲಿನ ಉದ್ದವನ್ನು ಬಿಟ್ಟು ಪ್ಯಾಕೆಟ್ ಕಾದ ಹೊತ್ತನ್ನು ಅಳೆಯುತ್ತದೆ. ಕಾಯುವಿಕೆ 5 ಮಿಲಿಸೆಕೆಂಡನ್ನು ಮೀರಿ 100 ಮಿಲಿಸೆಕೆಂಡಿನಷ್ಟು ಕಾಲ ಹಾಗೆಯೇ ಉಳಿದರೆ ಪ್ಯಾಕೆಟ್ ಬೀಳಿಸಿ, ಕಳುಹಿಸುವವನಿಗೆ ‘ನಿಧಾನಿಸು’ ಎಂದು ಸೂಚಿಸುತ್ತದೆ. ಅದಕ್ಕೆ ಪ್ರತಿ ಸಂಪರ್ಕಕ್ಕೂ (ಒಂದು ಕರೆ, ಒಂದು ಡೌನ್‌ಲೋಡ್ ಹೀಗೆ ಒಂದೊಂದು ಹರಿವಿಗೂ) ಪ್ರತ್ಯೇಕ ಸಾಲು ಎಂಬ ಉಪಾಯ ಸೇರಿ ‘ಎಫ್‌ಕ್ಯೂ-ಕೋಡೆಲ್’ ಆಯಿತು. ಅದೇ ವರ್ಷ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ 3.5ನೇ ಆವೃತ್ತಿಯೊಳಗೆ ಬಂತು. ಮನೆಬಳಕೆಗೆಂದೇ ಹದಗೊಳಿಸಿದ ‘ಕೇಕ್’ 2018ರಲ್ಲಿ ಲಿನಕ್ಸ್ 4.19ರೊಂದಿಗೆ ಸೇರಿತು. ಇವುಗಳಲ್ಲಿ ಒಂದನ್ನು ಬಳಸಿ ಸಾಲನ್ನು ಹಿಡಿತದಲ್ಲಿಡುವ ವ್ಯವಸ್ಥೆಗೆ ಒಟ್ಟಾರೆ ಎಸ್‌ಕ್ಯೂಎಂ ಎನ್ನುತ್ತಾರೆ.

ಸಾಲು ಮೋಡೆಮ್‌ನಲ್ಲಿ ನಿಂತಿದ್ದರೆ ರೂಟರ್ ಎಷ್ಟು ಜಾಣನಾದರೂ ವ್ಯರ್ಥ. ಹೀಗಾಗಿ ರೂಟರ್ ತನ್ನ ವೇಗವನ್ನು ಸಂಪರ್ಕದ ನಿಜ ವೇಗಕ್ಕಿಂತ ಚೂರು ಕಡಿಮೆಗೆ ಕಟ್ಟಿಹಾಕಿಕೊಳ್ಳುತ್ತದೆ. ಕಿರಿದಾದ ಜಾಗ ಆಗ ರೂಟರಿಗೇ ಬರುತ್ತದೆ. ಕೆರೆಯ ನೀರು ಹಂಚಬೇಕಾದವನ ಕೈಯಲ್ಲಿ ತೂಬು ಇರಬೇಕಲ್ಲವೇ, ಹಾಗೆ. ಈ ಕಟ್ಟಿಹಾಕುವ ಕೆಲಸಕ್ಕೆ ಶೇಪಿಂಗ್ ಎಂದು ಹೆಸರು. ರೂಟರಿನ ಪ್ರೊಸೆಸರ್ ಬೆವರುವುದು ಇಲ್ಲೇ.

ಹೆಜ್ಜೆ 3: ನಿಮ್ಮ ಸಂಪರ್ಕಕ್ಕೆ ಎಷ್ಟು ಬೇಕು?

ಅಪ್‌ಲೋಡ್, ಡೌನ್‌ಲೋಡ್ ಎರಡೂ 1 ಜಿಬಿಪಿಎಸ್ ಇರುವ ಫೈಬರ್ ಸಂಪರ್ಕ, ಮನೆಯಲ್ಲಿ ನಾಲ್ಕೈದು ಜನ. ಇಂಥವರಿಗೆ ಬಹಳಷ್ಟು ಸಲ ಏನೂ ಬೇಕಾಗುವುದಿಲ್ಲ. ಒಂದು ವಿಡಿಯೊ ಕರೆ ತಿನ್ನುವುದು 2ರಿಂದ 4 ಎಂಬಿಪಿಎಸ್. ಆನ್‌ಲೈನ್ ಆಟಕ್ಕೆ ಸಾಮಾನ್ಯವಾಗಿ 1 ಎಂಬಿಪಿಎಸ್ ಕೂಡ ಬೇಡ. ಸಂಪರ್ಕ ತುಂಬಿದಾಗ ಮಾತ್ರ ಸಾಲು ನಿಲ್ಲುತ್ತದೆ, ಜಿಬಿಪಿಎಸ್ ಸಂಪರ್ಕ ತುಂಬುವುದು ದೊಡ್ಡ ಆಟವೊಂದು ಇಳಿಯುವ ಕೆಲವು ನಿಮಿಷ ಮಾತ್ರ. ಒಂದನೆಯ ಹೆಜ್ಜೆಯ ಅಳತೆ ಚೆನ್ನಾಗಿ ಬಂದಿದ್ದರೆ ಇದ್ದ ರೂಟರನ್ನೇ ಇಟ್ಟುಕೊಳ್ಳಿ. ಹಣ ಉಳಿಸುವ ಸಲಹೆ ಕೊಡುವ ಮಾರ್ಗದರ್ಶಿಗಳು ಕಡಿಮೆ. ಇದು ಅಂಥದ್ದೊಂದು ಎಂದುಕೊಳ್ಳಿ.

ಡೌನ್‌ಲೋಡ್ 1 ಜಿಬಿಪಿಎಸ್, ಅಪ್‌ಲೋಡ್ ಮಾತ್ರ 30 ಅಥವಾ 50 ಎಂಬಿಪಿಎಸ್ ಇರುವ ಸಂಪರ್ಕಗಳು ಹೆಚ್ಚು ತಂಟೆಯವು. ಕೇಬಲ್ ಸೇವೆಗಳಲ್ಲಿ ಇದು ಸಾಮಾನ್ಯ. ಮೊಬೈಲ್‌ಗಳ ಬ್ಯಾಕಪ್, ಕಣ್ಗಾವಲು ಕ್ಯಾಮೆರಾ, ಕಚೇರಿಯ ಫೈಲ್ ಸಿಂಕ್ ಎಲ್ಲವೂ ಅಪ್‌ಲೋಡ್ ದಿಕ್ಕಿನವೇ. ಸಾಲದೆಂಬಂತೆ ಡೌನ್‌ಲೋಡ್‌ಗೂ ಅಪ್‌ಲೋಡ್ ದಾರಿ ಬೇಕು. ಪ್ರತಿ ಎರಡು ಪ್ಯಾಕೆಟ್ ಬಂದಾಗ ಒಂದು ಸ್ವೀಕೃತಿ ವಾಪಸ್ ಹೋಗುತ್ತದೆಂಬ ಲೆಕ್ಕದಲ್ಲಿ, 1 ಜಿಬಿಪಿಎಸ್ ಡೌನ್‌ಲೋಡ್ ತುಂಬಿದಾಗ ಸ್ವೀಕೃತಿಗಳೇ 25 ಎಂಬಿಪಿಎಸ್‌ನ ಆಸುಪಾಸು ತೆಗೆದುಕೊಳ್ಳಬಲ್ಲವು. ಅಪ್‌ಲೋಡ್ ಸಾಲು ಕೆಟ್ಟರೆ ಡೌನ್‌ಲೋಡ್ ಕೂಡ ಕುಂಟುವುದು ಇದಕ್ಕೇ.

ಇಂಥ ಸಂಪರ್ಕಕ್ಕೆ ನನ್ನ ಸಲಹೆ: ಅಪ್‌ಲೋಡನ್ನು ಮಾತ್ರ ಶೇಪ್ ಮಾಡಿ, ಡೌನ್‌ಲೋಡನ್ನು ಅದರ ಪಾಡಿಗೆ ಬಿಡಿ. 50 ಎಂಬಿಪಿಎಸ್ ಶೇಪ್ ಮಾಡುವುದು ಹಳೆಯ ರೂಟರಿಗೂ ಸಲೀಸು, 1 ಜಿಬಿಪಿಎಸ್ ಶೇಪ್ ಮಾಡುವುದು ಹೊಸದಕ್ಕೂ ಏದುಸಿರು. ತೊಂದರೆಯ ಬಹುಪಾಲು ಇದರಲ್ಲೇ ಮುಗಿದುಬಿಡುತ್ತದೆ.

ಎರಡೂ ದಿಕ್ಕಿನಲ್ಲಿ 100ರಿಂದ 500 ಎಂಬಿಪಿಎಸ್ ಇದ್ದು ಪಿಂಗ್ ಏರುತ್ತಿದ್ದರೆ ಪೂರ್ತಿ ಎಸ್‌ಕ್ಯೂಎಂ ಬೇಕು. ಅದಕ್ಕೆ ತಕ್ಕ ರೂಟರುಗಳು ಸುಲಭವಾಗಿ ಸಿಗುತ್ತವೆ.

ಹೆಜ್ಜೆ 4: ಪ್ರೊಸೆಸರ್ ನೋಡಿ

ಮನೆಯ ರೂಟರಿನ ಪುಟ್ಟ ಪ್ರೊಸೆಸರ್ 1 ಜಿಬಿಪಿಎಸ್ ದಾಟಿಸುವುದು ಹೇಗೆ? ಒಂದು ಉಪಾಯದಿಂದ. ಬ್ರಾಡ್‌ಕಾಮ್, ಕ್ವಾಲ್‌ಕಾಮ್, ಮೀಡಿಯಾಟೆಕ್ ಮೂವರ ಚಿಪ್‌ಗಳಲ್ಲೂ ಪ್ಯಾಕೆಟ್ ದಾಟಿಸಲೆಂದೇ ಪ್ರತ್ಯೇಕ ಯಂತ್ರಾಂಶವಿರುತ್ತದೆ. ಸಂಪರ್ಕದ ಮೊದಲ ಒಂದೆರಡು ಪ್ಯಾಕೆಟ್‌ಗಳನ್ನು ಪ್ರೊಸೆಸರ್ ನೋಡುತ್ತದೆ, ಉಳಿದವು ಅದರ ಕಣ್ಣಿಗೇ ಬೀಳದೆ ಅಡ್ಡದಾರಿಯಲ್ಲಿ ಹೋಗಿಬಿಡುತ್ತವೆ. ವೇಗ ಪರೀಕ್ಷೆಯಲ್ಲಿ ಕಾಣುವ 940 ಎಂಬಿಪಿಎಸ್ ಈ ಅಡ್ಡದಾರಿಯ ಕೊಡುಗೆ.

ಎಸ್‌ಕ್ಯೂಎಂಗೆ ಪ್ರತಿ ಪ್ಯಾಕೆಟ್ಟನ್ನೂ ನೋಡಬೇಕು. ಸಾಮಾನ್ಯವಾಗಿ ಅದನ್ನು ಚಾಲೂ ಮಾಡಿದೊಡನೆ ಅಡ್ಡದಾರಿ ಮುಚ್ಚುತ್ತದೆ. 1 ಜಿಬಿಪಿಎಸ್ ಎಂದರೆ ಪೂರ್ಣ ಗಾತ್ರದ ಪ್ಯಾಕೆಟ್‌ಗಳೇ ಸೆಕೆಂಡಿಗೆ ಸುಮಾರು 81,000. ಒಂದೊಂದಕ್ಕೆ ಸಿಗುವ ಸಮಯ 12 ಮೈಕ್ರೋಸೆಕೆಂಡ್. ಅಷ್ಟರೊಳಗೆ ಪ್ಯಾಕೆಟ್ಟಿನ ಮೇಲಿನ ವಿಳಾಸ ಬದಲಿಸಿ, ಸಾಲು ಆರಿಸಿ, ಕಾದ ಹೊತ್ತು ಅಳೆದು, ಹೊರಡುವ ಕ್ಷಣ ನಿರ್ಧರಿಸಬೇಕು. 940 ಇದ್ದದ್ದು ಗುಂಡಿ ಒತ್ತಿದೊಡನೆ 250ಕ್ಕೆ ಬಿತ್ತು ಎಂದು ಜನ ಗೋಳಿಡುವುದು ಇದರಿಂದಲೇ. ರೂಟರ್ ಕೆಟ್ಟಿರುವುದಿಲ್ಲ, ಅದರ ನಿಜವಾದ ತಾಕತ್ತು ಬಯಲಾಗಿರುತ್ತದೆ. ಯೂನಿಫೈ ಸಾಧನಗಳ ಸೆಟ್ಟಿಂಗ್ ಪುಟದಲ್ಲಿ ‘ಸ್ಮಾರ್ಟ್ ಕ್ಯೂ’ ಎಂಬ ಎಸ್‌ಕ್ಯೂಎಂ ಸೌಲಭ್ಯವನ್ನು 300 ಎಂಬಿಪಿಎಸ್‌ಗಿಂತ ಕಡಿಮೆ ವೇಗದ ಸಂಪರ್ಕಗಳಿಗೆ ಶಿಫಾರಸು ಮಾಡಿರುವುದು ಪ್ರಾಮಾಣಿಕತೆ ಎನ್ನಬೇಕು. ಬೇರೆ ಕೆಲವು ತಯಾರಕರು ಅಷ್ಟನ್ನೂ ಹೇಳುವುದಿಲ್ಲ.

ಸ್ಥೂಲವಾಗಿ ಹೇಳುವುದಾದರೆ, ಎಂಐಪಿಎಸ್ ಪ್ರೊಸೆಸರ್‌ನ ಹಳೆಯ ರೂಟರ್‌ಗಳು 100ರಿಂದ 200 ಎಂಬಿಪಿಎಸ್ ಶೇಪ್ ಮಾಡುವಷ್ಟರಲ್ಲಿ ಸುಸ್ತಾಗುತ್ತವೆ. ಎರಡು ಕೋರ್‌ನ ಎಆರ್‌ಎಂ ಪ್ರೊಸೆಸರ್ ಇದ್ದವು 300ರಿಂದ 500ರ ನಡುವೆ ಎಲ್ಲೋ ನಿಲ್ಲುತ್ತವೆ. 2 ಗಿಗಾಹರ್ಟ್ಸ್ ಆಸುಪಾಸಿನ ನಾಲ್ಕು ಕೋರ್ ಇದ್ದರೆ 1 ಜಿಬಿಪಿಎಸ್ ಹತ್ತಿರ ಬರಬಹುದು. ಅದಕ್ಕಿಂತ ಮೇಲೆ ನಿಶ್ಚಿಂತೆ ಬೇಕೆಂದರೆ ಇಂಟೆಲ್ ಎನ್100ರಂಥ ಪ್ರೊಸೆಸರ್ ಮತ್ತು ಎರಡು ಮೂರು ನೆಟ್‌ವರ್ಕ್ ಪೋರ್ಟ್ ಇರುವ ಪುಟ್ಟ ಕಂಪ್ಯೂಟರನ್ನೇ ರೂಟರ್ ಮಾಡಿಕೊಳ್ಳುವುದು ಲೇಸು.

ಕೋರ್‌ಗಳ ಎಣಿಕೆಗೆ ಮರುಳಾಗಬೇಡಿ. ಶೇಪಿಂಗ್ ಒಂದು ದಿಕ್ಕಿಗೆ ಒಂದೇ ಕೋರ್‌ನ ಮೇಲೆ ನಡೆಯುವುದು ವಾಡಿಕೆ. ನಿಧಾನದ ಎಂಟು ಕೋರ್‌ಗಳಿಗಿಂತ ಚುರುಕಿನ ಎರಡು ಕೋರ್ ವಾಸಿ. ಸೇವಾದಾರರು ಪ್ಯಾಕೆಟ್‌ಗಳಿಗೆ ಇನ್ನೊಂದು ಹೊದಿಕೆ ತೊಡಿಸುವ ಪಿಪಿಪಿಒಇ ಬಳಸಿ ಲಾಗಿನ್ ಕೇಳುವವರಾದರೆ ಇನ್ನೂ ಎಚ್ಚರ ಬೇಕು. ಆ ಹೊದಿಕೆಯೊಳಗಿನ ಸಂಪರ್ಕಗಳನ್ನು ಬಿಡಿಬಿಡಿಯಾಗಿ ಗುರುತಿಸಲು ಅನೇಕ ನೆಟ್‌ವರ್ಕ್ ಚಿಪ್‌ಗಳಿಗೆ ಬಾರದು, ಎಲ್ಲ ಪ್ಯಾಕೆಟ್‌ಗಳೂ ಒಂದೇ ಕೋರ್‌ನ ತಲೆಗೆ ಬೀಳುತ್ತವೆ. ರೂಟರಿನಲ್ಲೇ ವಿಪಿಎನ್ ಓಡಿಸುವವರು ಅದರ ಹೊರೆಯನ್ನೂ ಸೇರಿಸಿ ಲೆಕ್ಕ ಹಾಕಬೇಕು.

ಮತ್ತೊಂದು ಸೂಕ್ಷ್ಮವಿದೆ. ಅಪ್‌ಲೋಡನ್ನು ಮಾತ್ರ ಶೇಪ್ ಮಾಡಿದರೂ ಅಡ್ಡದಾರಿ ಎರಡೂ ದಿಕ್ಕಿಗೆ ಮುಚ್ಚಿಹೋಗಬಹುದು. ಡೌನ್‌ಲೋಡ್‌ಗೆ ಶೇಪಿಂಗ್ ಹೊರೆ ಇಲ್ಲದಿದ್ದರೂ ವಿಳಾಸ ಬದಲಿಸುವ ಕೆಲಸವಂತೂ ಪ್ರೊಸೆಸರ್ ಪಾಲಿಗೆ ಬರುತ್ತದೆ. ಹಾಗಾಗಿ ಕೊಳ್ಳುವ ಮುನ್ನ ಆ ಮಾದರಿಯ ಹೆಸರಿನ ಜೊತೆ ‘ಎಸ್‌ಕ್ಯೂಎಂ’ ಸೇರಿಸಿ ಹುಡುಕಿ, ಅಡ್ಡದಾರಿ ಇಲ್ಲದೆ ಎಷ್ಟು ಬಂತೆಂದು ಅಳೆದವರ ಮಾತು ಓದಿ. ಎರಡು ಮೂರು ಬೇರೆ ಬೇರೆ ಜನ ಒಂದೇ ಸಂಖ್ಯೆ ಹೇಳುತ್ತಿದ್ದರೆ ನಂಬಬಹುದು.

ಹೆಜ್ಜೆ 5: ತಂತ್ರಾಂಶದಲ್ಲಿ ಏನಿದೆ?

ಸೆಟ್ಟಿಂಗ್ ಪುಟದಲ್ಲಿ ಎಸ್‌ಕ್ಯೂಎಂ, ಎಫ್‌ಕ್ಯೂ-ಕೋಡೆಲ್, ಕೇಕ್ ಈ ಮೂರರಲ್ಲಿ ಒಂದು ಪದ ಕಂಡರೆ ಅದು ಒಳ್ಳೆಯ ಲಕ್ಷಣ. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶದಲ್ಲಿ ಎಸ್‌ಕ್ಯೂಎಂ ಪ್ಯಾಕೇಜ್ ಸೇರಿಸಿಕೊಳ್ಳಬಹುದು. ಸ್ವಂತ ಕೈಯಲ್ಲಿ ಹೊಂದಿಸುವ ಆಸಕ್ತಿ ಇರುವವರಿಗೆ ಇದಕ್ಕಿಂತ ಉತ್ತಮವಾದದ್ದನ್ನು ನಾನು ಹೇಳಲಾರೆ. ಜಿಎಲ್-ಐನೆಟ್‌ನ ಸಾಧನಗಳು ಅದನ್ನೇ ಆಧರಿಸಿವೆ. ಮೈಕ್ರೋಟಿಕ್‌ನ ರೂಟರ್‌ಒಎಸ್ 7ನೇ ಆವೃತ್ತಿಯಲ್ಲಿ ಎಫ್‌ಕ್ಯೂ-ಕೋಡೆಲ್, ಕೇಕ್ ಎರಡೂ ಇವೆ, ಆದರೆ ಅದರ ಪರದೆಗಳು ಹೊಸಬರನ್ನು ಬೆದರಿಸುತ್ತವೆ. ಪುಟ್ಟ ಕಂಪ್ಯೂಟರನ್ನು ರೂಟರ್ ಮಾಡುವ ಪಿಎಫ್‌ಸೆನ್ಸ್, ಒಪಿಎನ್‌ಸೆನ್ಸ್ ತಂತ್ರಾಂಶಗಳಲ್ಲಿ ಎಫ್‌ಕ್ಯೂ-ಕೋಡೆಲ್ ಉಂಟು. ಏಸಸ್‌ನ ಕೆಲವು ಮಾದರಿಗಳಿಗೆ ಸಿಗುವ, ಹೊರಗಿನವರು ತಿದ್ದಿದ ‘ಮರ್ಲಿನ್’ ತಂತ್ರಾಂಶದಲ್ಲಿ ಕೇಕ್ ಸೇರಿಸಿದ್ದಾರೆ. ಈರೋ ರೂಟರುಗಳಲ್ಲಿ ಕರೆ ಮತ್ತು ಆಟಗಳಿಗೆಂದು ಒಂದೇ ಒಂದು ಗುಂಡಿ. ಏನನ್ನೂ ತಿದ್ದಲು ಬರುವುದಿಲ್ಲ, ತಿದ್ದುವ ತಲೆನೋವೂ ಇಲ್ಲ.

ಇನ್ನೊಂದು ಜಾತಿಯ ಕ್ಯೂಒಎಸ್ ಇದೆ. ಬಣ್ಣಬಣ್ಣದ ಪಟ್ಟಿಗಳು: ಆಟ ಮೊದಲು, ವಿಡಿಯೊ ಎರಡನೆಯದು, ಬ್ರೌಸಿಂಗ್ ಮೂರನೆಯದು, ಎಳೆದು ಮೇಲೆ ಕೆಳಗೆ ಮಾಡಿದರಾಯಿತು. ನೋಡಲು ಚೆಂದ. ಇದು ಕೆಲಸ ಮಾಡಬೇಕಾದರೆ ಯಾವ ಪ್ಯಾಕೆಟ್ ಯಾವುದರದ್ದೆಂದು ರೂಟರಿಗೆ ತಿಳಿಯಬೇಕು. ಇಂದು ಬಹುತೇಕ ಎಲ್ಲವೂ ಗೂಢಲಿಪಿಯಲ್ಲಿ ಹರಿಯುವುದರಿಂದ ಅದು ಊಹೆಯ ಆಟ. ಊಹೆಗೆ ಆಧಾರವಾದ ಪಟ್ಟಿ ಹಳತಾದಂತೆ ತಪ್ಪುಗಳೂ ಹೆಚ್ಚುತ್ತವೆ. ಏಸಸ್‌ನ ಅಡಾಪ್ಟಿವ್ ಕ್ಯೂಒಎಸ್‌ನಂಥವು ಟ್ರೆಂಡ್ ಮೈಕ್ರೋದ ಗುರುತಿಸುವ ಯಂತ್ರವನ್ನು ಬಳಸುತ್ತವೆ. ಅದಕ್ಕಾಗಿ ಮಾಹಿತಿ ಹಂಚಿಕೆಯ ಷರತ್ತಿಗೆ ಒಪ್ಪಬೇಕು. ಓದಿ ಒಪ್ಪಿ.

ಎಫ್‌ಕ್ಯೂ-ಕೋಡೆಲ್ ಮತ್ತು ಕೇಕ್‌ಗೆ ಈ ಊಹೆಯೇ ಬೇಡ. ಪ್ರತಿ ಸಂಪರ್ಕಕ್ಕೂ ಬೇರೆ ಸಾಲು ಇರುವುದರಿಂದ ಅಪರೂಪಕ್ಕೊಮ್ಮೆ ಪುಟ್ಟ ಪ್ಯಾಕೆಟ್ ಕಳುಹಿಸುವ ಕರೆಯೂ ಆಟವೂ ತಾವಾಗಿಯೇ ಮುಂದೆ ಹೋಗುತ್ತವೆ, ಸಾಲು ಬೆಳೆಸುವ ಡೌನ್‌ಲೋಡ್ ತಾನು ಬೆಳೆಸಿದ ಸಾಲಿನಲ್ಲಿ ತಾನೇ ಕಾಯುತ್ತದೆ. ಆದ್ಯತೆಯ ಪಟ್ಟಿ ಬರೆಯುವ ಶ್ರಮ ಬಹುಪಾಲು ಮನೆಗಳಿಗೆ ತಪ್ಪುವುದು ಹೀಗೆ.

ಪ್ರತಿ ಸಾಧನಕ್ಕೂ ಇಂತಿಷ್ಟು ಎಂಬಿಪಿಎಸ್ ಎಂದು ಮಿತಿ ಹಾಕುವ ಸೌಲಭ್ಯವನ್ನೂ ಕೆಲವರು ಕ್ಯೂಒಎಸ್ ಎಂದೇ ಮಾರುತ್ತಾರೆ. ಯಾರೂ ಬಳಸದ ಹೊತ್ತಿನಲ್ಲೂ ಮಿತಿ ಮಿತಿಯೇ. ಅದು ಬೇಡ.

ವಿಳಂಬ ತಗ್ಗಿಸುವ ಎಲ್4ಎಸ್ ಎಂಬ ಹೊಸ ವ್ಯವಸ್ಥೆಯ ಮಾತೂ ಕಿವಿಗೆ ಬೀಳಬಹುದು. 2023ರಲ್ಲಿ ಅದರ ವಿವರಣೆ ಆರ್‌ಎಫ್‌ಸಿ ಎಂಬ ಇಂಟರ್‌ನೆಟ್ ತಾಂತ್ರಿಕ ದಾಖಲೆಗಳ ಸರಣಿಯಲ್ಲಿ 9330ರಿಂದ 9332ರವರೆಗಿನ ದಾಖಲೆಗಳಾಗಿ ಪ್ರಕಟವಾಯಿತು. ಕಳುಹಿಸುವ ಕಡೆ, ಸೇವಾದಾರರ ಕಡೆ ಎರಡೂ ಅದನ್ನು ಅಳವಡಿಸಿಕೊಂಡರೆ ಮಾತ್ರ ಫಲ. ಅದೊಂದಕ್ಕಾಗಿ ರೂಟರ್ ಕೊಳ್ಳುವ ಕಾಲ ಇನ್ನೂ ಬಂದಿಲ್ಲ.

ಹೆಜ್ಜೆ 6: ಪೋರ್ಟ್, ವೈಫೈ ಮತ್ತು ಸೇವಾದಾರರ ಪೆಟ್ಟಿಗೆ

ಸಂಪರ್ಕ 1 ಜಿಬಿಪಿಎಸ್ ಮೀರಿದ್ದರೆ 2.5 ಜಿಬಿಪಿಎಸ್ ಪೋರ್ಟ್ ಬೇಕು, ಒಂದಲ್ಲ, ಎರಡು. ಒಳಗೆ ಬರುವುದು 2.5, ಹೊರಗೆ ಹೋಗುವ ಪೋರ್ಟುಗಳೆಲ್ಲ 1 ಎಂಬ ಮಾದರಿಗಳು ಬೇಕಾದಷ್ಟಿವೆ. ಓಪನ್‌ಡಬ್ಲ್ಯುಆರ್‌ಟಿ ಸಮುದಾಯದವರೇ 2024ರಲ್ಲಿ ತಂದ ‘ಒನ್’ ರೂಟರಿನಲ್ಲೂ ಒಂದು ಪೋರ್ಟ್ 2.5, ಇನ್ನೊಂದು 1 ಜಿಬಿಪಿಎಸ್. ಅಂಥ ಸಾಧನದಲ್ಲಿ ಕೇಬಲ್‌ನಿಂದ ಜೋಡಿಸಿದ ಒಂದು ಕಂಪ್ಯೂಟರಿಗೆ 1 ಜಿಬಿಪಿಎಸ್‌ಗಿಂತ ಹೆಚ್ಚು ಸಿಗದು.

ರೂಟರ್ ಬೇರೆ, ವೈಫೈ ಬೇರೆ ಇಡುವ ಪದ್ಧತಿ ನನಗೆ ಹೆಚ್ಚು ಇಷ್ಟ. ರೂಟರ್ ಮೂಲೆಯಲ್ಲಿ ಮೋಡೆಮ್ ಪಕ್ಕ ಇರಲಿ, ವೈಫೈ ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಪೆಟ್ಟಿಗೆ) ಮನೆಯ ನಡುವೆ ಇರಲಿ. ವೈಫೈ ತಂತ್ರಜ್ಞಾನ ಬದಲಾದಾಗ ಅರ್ಧವನ್ನಷ್ಟೇ ಬದಲಿಸಿದರೆ ಸಾಕು. ಎಲ್ಲ ಸೇರಿದ ಒಂದೇ ಪೆಟ್ಟಿಗೆ ಬೇಕೆನ್ನುವವರು ರೇಡಿಯೊ ಹೊರೆಯ ಜೊತೆ ಶೇಪಿಂಗ್ ಹೊರೆಯೂ ಅದೇ ಪ್ರೊಸೆಸರಿಗೆ ಎಂಬುದನ್ನು ನೆನಪಿಡಬೇಕು.

ವೈಫೈಯಲ್ಲೇ ಪಿಂಗ್ ಏರುತ್ತಿದೆ ಎಂದು ಮೊದಲ ಹೆಜ್ಜೆಯಲ್ಲಿ ಕಂಡವರಿಗೆ: ಸಂಪರ್ಕ 1 ಜಿಬಿಪಿಎಸ್, ದೂರದ ಕೋಣೆಯಲ್ಲಿ ವೈಫೈ ಕೊಡುವುದು 200 ಎಂದಾದರೆ ಕಿರಿದಾದ ಜಾಗ ವೈಫೈಯೇ, ಸಾಲು ನಿಲ್ಲುವುದೂ ಅಲ್ಲೇ. ಸ್ಥಿರವಾಗಿರುವ ಸಾಧನಗಳಿಗೆ, ಅಂದರೆ ಟಿವಿ, ಆಟದ ಕನ್ಸೋಲ್, ಮೇಜಿನ ಕಂಪ್ಯೂಟರಿಗೆ ಕೇಬಲ್ ಎಳೆಯಿರಿ. ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಡುವ ಬೇರೆ ಉಪಾಯವಿಲ್ಲ. ಉಳಿದವಕ್ಕೆ ಇನ್ನೊಂದು ಆಕ್ಸೆಸ್ ಪಾಯಿಂಟ್ ಹಾಕಿ; ಸಾಧ್ಯವಾದರೆ ಅದನ್ನೂ ಕೇಬಲ್‌ನಿಂದಲೇ ಜೋಡಿಸಿ. ಓಪನ್‌ಡಬ್ಲ್ಯುಆರ್‌ಟಿ ಓಡಿಸಬಲ್ಲ ಮೀಡಿಯಾಟೆಕ್ ರೇಡಿಯೊಗಳಲ್ಲಿ ವೈಫೈ ಸಾಲನ್ನೂ ಹಿಡಿತದಲ್ಲಿಡುವ ವ್ಯವಸ್ಥೆ ಇದೆ, ಆಯ್ಕೆಯ ವೇಳೆ ಅದಕ್ಕೊಂದು ಅಂಕ ಕೊಡಿ.

ಸೇವಾದಾರರು ಕೊಟ್ಟ ಪೆಟ್ಟಿಗೆಯೂ ರೂಟರ್ ಆಗಿದ್ದರೆ ಅದನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಬರೀ ಮೋಡೆಮ್ ಆಗುವಂತೆ) ಹಾಕಿಸಿ. ಆಗದಿದ್ದರೆ ಕನಿಷ್ಠ ಅದರ ವೈಫೈ ನಿಲ್ಲಿಸಿ. ಒಂದೇ ಒಂದು ಮೊಬೈಲ್ ಹಳೆಯ ಪೆಟ್ಟಿಗೆಗೆ ಅಂಟಿಕೊಂಡು ಬ್ಯಾಕಪ್ ನಡೆಸಿದರೂ ಹೊಸ ರೂಟರಿಗೆ ಅದು ಕಾಣುವುದಿಲ್ಲ, ಕಾಣದ್ದನ್ನು ಅದು ಹಿಡಿತದಲ್ಲಿಡಲಾರದು.

ಹೆಜ್ಜೆ 7: ತಂದ ಮೇಲೆ ಹೊಂದಿಸುವುದು

ಓಪನ್‌ಡಬ್ಲ್ಯುಆರ್‌ಟಿಯ ಎಸ್‌ಕ್ಯೂಎಂ ಪುಟವನ್ನೇ ಉದಾಹರಣೆಯಾಗಿ ನೋಡೋಣ, ಬೇರೆಡೆಯೂ ಕ್ರಮ ಇದೇ. ಮೊದಲು ಫ್ಲೋ ಆಫ್‌ಲೋಡಿಂಗ್ ನಿಲ್ಲಿಸಿ. ಹಿಂದೆ ಹೇಳಿದ ಅಡ್ಡದಾರಿ ಅದೇ. ಇಂಟರ್‌ಫೇಸ್ ಜಾಗದಲ್ಲಿ ಇಂಟರ್‌ನೆಟ್ ಕಡೆಯದನ್ನು ಆರಿಸಿ. ಪಿಪಿಪಿಒಇ ಇದ್ದರೆ ಅದರ ಹೆಸರಿನ ಇಂಟರ್‌ಫೇಸ್ ಬೇರೆಯೇ ಕಾಣಿಸುತ್ತದೆ, ಅದನ್ನು ಹಿಡಿಯಿರಿ. ಸಾಲಿನ ಬಗೆಯಲ್ಲಿ ಕೇಕ್, ಸ್ಕ್ರಿಪ್ಟ್ (ಸಿದ್ಧ ಆದೇಶಗಳ ಪಟ್ಟಿ) ಜಾಗದಲ್ಲಿ ‘ಪೀಸ್ ಆಫ್ ಕೇಕ್’ ಇರಲಿ.

ವೇಗದ ಅಂಕಿಗಳನ್ನು ಕಿಲೋಬಿಟ್‌ನಲ್ಲಿ ಬರೆಯಬೇಕು. ಪ್ಲಾನಿನಲ್ಲಿ ಹೇಳಿದ ವೇಗವನ್ನು ಬಳಸಬೇಡಿ. ಎಸ್‌ಕ್ಯೂಎಂ ಇಲ್ಲದೆ, ಕೇಬಲ್‌ನಲ್ಲಿ, ದಿನದ ಬೇರೆ ಬೇರೆ ಹೊತ್ತು ಅಳೆದಾಗ ಬಂದ ಕಡಿಮೆ ಅಂಕಿಯನ್ನು ತೆಗೆದುಕೊಳ್ಳಿ. ಅಪ್‌ಲೋಡ್‌ಗೆ ಅದರ ಶೇ 90ರಿಂದ 95, ಡೌನ್‌ಲೋಡ್‌ಗೆ ಶೇ 85ರಿಂದ 90. 300 ಇಳಿಯುವ, 30 ಏರುವ ಸಂಪರ್ಕವಾದರೆ ಡೌನ್‌ಲೋಡ್ 2,60,000, ಅಪ್‌ಲೋಡ್ 28,000 ಎಂದು ಶುರುಮಾಡಬಹುದು. ಡೌನ್‌ಲೋಡ್ ಶೇಪಿಂಗ್ ಬೇಡವಾದರೆ ಅಲ್ಲಿ 0 ಬರೆಯಿರಿ. ಡೌನ್‌ಲೋಡ್‌ಗೆ ಹೆಚ್ಚು ಅಂಚು ಬಿಡುವುದಕ್ಕೆ ಕಾರಣವಿದೆ: ಆ ದಿಕ್ಕಿನಲ್ಲಿ ಸಾಲು ನಿಲ್ಲುವುದು ಸೇವಾದಾರರ ತುದಿಯಲ್ಲಿ, ನೀವು ಅದನ್ನು ದೂರದಿಂದಲೇ ನಿಧಾನಗೊಳಿಸಬೇಕು.

ಪ್ಯಾಕೆಟ್ಟಿನ ಹೆಚ್ಚುವರಿ ತೂಕವನ್ನು ಕೇಳುವ ‘ಓವರ್‌ಹೆಡ್’ ಜಾಗದಲ್ಲಿ, ನಿಮ್ಮ ಸಂಪರ್ಕದ ನಿಖರ ಅಂಕಿ ತಿಳಿಯದಿದ್ದರೆ 44 ಎಂದು ಬರೆದರೆ ಸುರಕ್ಷಿತ. ಚೂರು ಹೆಚ್ಚು ಬರೆದರೆ ಕೊಂಚ ವೇಗ ಹೋಗುತ್ತದೆ. ಕಡಿಮೆ ಬರೆದರೆ ಪುಟ್ಟ ಪ್ಯಾಕೆಟ್‌ಗಳು ಹೆಚ್ಚಿದ ಹೊತ್ತಿನಲ್ಲಿ ಸಾಲು ಮತ್ತೆ ಮೋಡೆಮ್‌ಗೆ ಜಾರುತ್ತದೆ.

ಈಗ ಪಿಂಗ್ ಕಿಟಕಿಗಳನ್ನು ತೆರೆದು ಮತ್ತೆ ಅಪ್‌ಲೋಡ್ ಹಚ್ಚಿ. ಏರಿಕೆ 10 ಮಿಲಿಸೆಕೆಂಡಿನೊಳಗೆ ನಿಂತರೆ ಅಂಕಿಯನ್ನು ಶೇ 2ರಷ್ಟು ಏರಿಸಿ, ಮತ್ತೆ ಅಳೆಯಿರಿ. ಪಿಂಗ್ ಕೆಡತೊಡಗಿದೊಡನೆ ಒಂದು ಮೆಟ್ಟಿಲು ಹಿಂದೆ ಬನ್ನಿ. ಇದೇ ಹೊತ್ತಿನಲ್ಲಿ ರೂಟರಿನಲ್ಲಿ ‘ಟಾಪ್’ ಎಂಬ ಆದೇಶ ತೋರಿಸುವ ಪರದೆಯಲ್ಲಿ ‘ಎಸ್‌ಐಆರ್‌ಕ್ಯೂ’ ಎಂಬ ಅಂಕಿ ನೋಡಿ. ಪ್ಯಾಕೆಟ್ ಕೆಲಸಕ್ಕೆ ಪ್ರೊಸೆಸರ್ ಕೊಟ್ಟ ಪಾಲು ಅದು. ಎರಡು ಕೋರ್ ಇದ್ದು ಇದು 50ರಲ್ಲಿ ಅಲುಗಾಡದೆ ನಿಂತಿದ್ದರೆ, ಒಂದು ಕೋರ್ ಪೂರ್ತಿ ತುಂಬಿದೆ ಎಂದೇ ಅರ್ಥ. ಆಗ ಬರೆದ ವೇಗ ಸಿಗುವುದಿಲ್ಲ, ವಿಳಂಬವೂ ಹಿಡಿತಕ್ಕೆ ಬರುವುದಿಲ್ಲ. ಅಂಕಿ ಇಳಿಸಿ, ಅಥವಾ ಮರಳಿಸುವ ಅವಧಿ ಇನ್ನೂ ಇದ್ದರೆ ರೂಟರನ್ನೇ ಮರಳಿಸಿ. ಈ ಪರೀಕ್ಷೆಗಳನ್ನೆಲ್ಲ ಮೊದಲ ವಾರದಲ್ಲೇ ಮುಗಿಸಿ ಎನ್ನುವುದು ಅದಕ್ಕಾಗಿಯೇ.

ಕೇಕ್‌ನಲ್ಲಿ ಇನ್ನೊಂದು ಅನುಕೂಲವಿದೆ. ಟೊರೆಂಟ್ ಓಡಿಸುವ ಕಂಪ್ಯೂಟರ್ ನೂರು ಸಂಪರ್ಕ ತೆರೆದರೆ ಸಂಪರ್ಕಕ್ಕೊಂದು ಪಾಲು ಕೊಡುವ ವ್ಯವಸ್ಥೆಯಲ್ಲಿ ಅದಕ್ಕೆ ನೂರು ಪಾಲು. ಕೇಕ್ ಮೊದಲು ಸಾಧನಗಳ ನಡುವೆ ಹಂಚಿ, ಆಮೇಲೆ ಸಂಪರ್ಕಗಳ ನಡುವೆ ಹಂಚಬಲ್ಲದು. ಮನೆಯೊಳಗಿನ ಸಾಧನಗಳನ್ನು ಬೇರ್ಪಡಿಸಿ ಗುರುತಿಸಲು ‘ನ್ಯಾಟ್’ ಎಂಬ ಆಯ್ಕೆಯನ್ನು ಅದರ ಸುಧಾರಿತ ಜಾಗದಲ್ಲಿ ಸೇರಿಸಬೇಕು. ಇಷ್ಟಾದರೆ ಯಾರು ಎಷ್ಟು ಎಳೆಯುತ್ತಿದ್ದಾರೆ ಎಂಬ ಮನೆಯ ಜಗಳ ತಣ್ಣಗಾಗುತ್ತದೆ.

ಇಷ್ಟಾದ ಮೇಲೂ ಯಾವುದಕ್ಕಾದರೂ ಆದ್ಯತೆ ಕೊಡಲೇಬೇಕೆನಿಸಿದರೆ, ಮುಖ್ಯವಾದದ್ದನ್ನು ಏರಿಸುವುದಕ್ಕಿಂತ ಅಮುಖ್ಯವಾದದ್ದನ್ನು ಇಳಿಸುವುದು ಜಾಣತನ. ರಾತ್ರಿ ನಡೆಯುವ ಬ್ಯಾಕಪ್ ಯಂತ್ರದ ಪ್ಯಾಕೆಟ್‌ಗಳಿಗೆ ‘ಸಿಎಸ್1’ ಎಂಬ ಕಡಿಮೆ ಆದ್ಯತೆಯ ಗುರುತು ಹಾಕಿ, ಸ್ಕ್ರಿಪ್ಟನ್ನು ‘ಲೇಯರ್ ಕೇಕ್’ಗೆ ಬದಲಿಸಿದರೆ ಅವು ಎಲ್ಲರ ಹಿಂದೆ ನಿಲ್ಲುತ್ತವೆ. ಇಳಿಸಬೇಕಾದವು ಮನೆಯಲ್ಲಿ ಒಂದೆರಡಿದ್ದರೆ ಹೆಚ್ಚು. ಏರಿಸಬೇಕಾದವುಗಳ ಪಟ್ಟಿಗೆ ಕೊನೆಯಿಲ್ಲ. ಹೊರಗಿನಿಂದ ಬರುವ ಪ್ಯಾಕೆಟ್‌ಗಳ ಗುರುತನ್ನು ಸೇವಾದಾರರು ಅಳಿಸಿರುವ ಸಾಧ್ಯತೆ ಇರುವುದರಿಂದ ಈ ಉಪಾಯ ಅಪ್‌ಲೋಡ್‌ಗೇ ಹೆಚ್ಚು ಒಗ್ಗುತ್ತದೆ.

5ಜಿ ಅಥವಾ ಉಪಗ್ರಹ ಸಂಪರ್ಕ ಇರುವವರಿಗೆ ಒಂದೇ ಸ್ಥಿರ ಅಂಕಿ ಹೊಂದದು, ವೇಗ ಗಳಿಗೆಗೊಮ್ಮೆ ಬದಲಾಗುತ್ತದೆ. ಪಿಂಗ್ ನೋಡುತ್ತಾ ಅಂಕಿಯನ್ನು ತಾನೇ ಏರಿಸಿ ಇಳಿಸುವ ‘ಕೇಕ್ ಆಟೊರೇಟ್’ ಎಂಬ ಸ್ಕ್ರಿಪ್ಟ್ ಓಪನ್‌ಡಬ್ಲ್ಯುಆರ್‌ಟಿಗೆ ಲಭ್ಯವಿದೆ. ಅಂಥ ಸಂಪರ್ಕದವರು ರೂಟರ್ ಆರಿಸುವಾಗಲೇ ಅದು ಓಡಬಲ್ಲ ಮಾದರಿಯನ್ನು ನೋಡಿಕೊಳ್ಳಬೇಕು.

ಸೇವಾದಾರರು ಪ್ಲಾನಿನ ವೇಗ ಏರಿಸಿದ ದಿನ ರೂಟರಿನ ಅಂಕಿಗಳನ್ನೂ ಬದಲಿಸಿ. 300ರ ಕಾಲದಲ್ಲಿ ಬರೆದ 2,60,000 ಹಾಗೆಯೇ ಉಳಿದರೆ, 500ಕ್ಕೆ ಹಣ ಕಟ್ಟಿಯೂ 260ರಲ್ಲೇ ಇರುತ್ತೀರಿ. ಪಿಂಗ್ ಚೆನ್ನಾಗಿಯೇ ಇರುವುದರಿಂದ ಯಾರಿಗೂ ಸಂಶಯವೇ ಬಾರದು.